ಅರಮನೆಯೊಳಗೊಂದು ದರ್ಶಿನಿ: ರ‍್ಯಾಮ್ಸ್‌ಗೇಟ್‌ನ ಕಡಲ ದಂಡೆಯ ಪಬ್ಬು ಮತ್ತು ನಮ್ಮ ಮನೆಮಂದಿ

ಬೆಂಗಳೂರಿನಲ್ಲಿ ಹಳೇ ಬಂಗಲೆಯೊಂದು ಪಬ್ಬಾಯಿತು ಅಂದರೆ ಜೇಬು ಹಿಡಿದುಕೊಂಡೇ ಒಳಗೆ ಹೋಗಬೇಕು. ಕೆಂಪು ನೆಲ, ಮಂಕಿ ಟಾಪ್ ಕಿಟಕಿ, ಅಂಗಳದ ಮಾವಿನ ಮರ, ಎಲ್ಲವನ್ನೂ ಸೇರಿಸಿಯೇ ಬಿಲ್ ಬರುತ್ತದೆ. ಇಂಗ್ಲೆಂಡಿನಲ್ಲಿ ಇದು ಎಷ್ಟೋ ಸಲ ಉಲ್ಟಾ. ಊರಿನ ಅತಿ ಠೀವಿಯ ಹಳೇ ಕಟ್ಟಡದಲ್ಲೇ ಊರಿನ ಅಗ್ಗದ ಬಿಯರ್ ಸಿಗುತ್ತದೆ. ಇದಕ್ಕೆ ಬಹುಮಟ್ಟಿಗೆ ಕಾರಣ ಪಬ್ಬುಗಳನ್ನು ನಡೆಸುವ ಒಂದೇ ಕಂಪನಿ, ಜೆ ಡಿ ವೆದರ್‌ಸ್ಪೂನ್. ಜನರ ಬಾಯಲ್ಲಿ ಸುಮ್ನೆ ಸ್ಪೂನ್ಸ್.

ಸ್ಪೂನ್ಸ್ ಬಗ್ಗೆ ಯಾರನ್ನಾದರೂ ಕೇಳಿ ನೋಡಿ, ಮಧ್ಯದ ಉತ್ತರ ಬರುವುದೇ ಕಮ್ಮಿ. ಒಬ್ಬರು 'ಇಷ್ಟು ಚಂದದ ಜಾಗ, ಇಷ್ಟು ಕಡಿಮೆ ರೇಟು, ಇನ್ನೇನು ಬೇಕು' ಅನ್ನುತ್ತಾರೆ. ಇನ್ನೊಬ್ಬರು 'ಇಷ್ಟು ಚಂದದ ಜಾಗ, ಯಾಕೆ ಹೀಗೆ ಮಾಡಿಟ್ಟಿದ್ದಾರೆ' ಅನ್ನುತ್ತಾರೆ. ಇಬ್ಬರೂ ಕೂತು ಬಂದದ್ದು ಒಂದೇ ಟೇಬಲ್ ಇರಬಹುದು. ನನ್ನ ಲೆಕ್ಕದಲ್ಲಿ ವಿಷಯ ಇಷ್ಟೇ: ಕಟ್ಟಡ ಅರಮನೆ, ನಡೆಸುವ ಕ್ರಮ ನಮ್ಮ ದರ್ಶಿನಿಯದು. ನಾವೇ ಜಾಗ ಹುಡುಕಿಕೊಳ್ಳಬೇಕು, ಮೊದಲೇ ದುಡ್ಡು ಕೊಡಬೇಕು, ಬೇಕಾದ್ದನ್ನು ಎದ್ದು ಹೋಗಿ ತಂದುಕೊಳ್ಳಬೇಕು. ದರ್ಶಿನಿಯಲ್ಲಿ ಯಾರೂ ಬಂದು ಕುರ್ಚಿ ಎಳೆದು ಕೂರಿಸಲಿಲ್ಲ ಅಂತ ನಾವು ಬೇಜಾರು ಮಾಡಿಕೊಳ್ಳುವುದಿಲ್ಲ, ಅಲ್ವಾ? ಆದರೆ ಅದೇ ವ್ಯವಸ್ಥೆಯನ್ನು ಎತ್ತರದ ಸೀಲಿಂಗು, ಕಂಬ, ಕಮಾನುಗಳ ಮಧ್ಯೆ ಇಟ್ಟರೆ ಮನಸ್ಸು ತಾನಾಗಿಯೇ ಟೈ ಕಟ್ಟಿದ ವೇಟರ್‌ನನ್ನು ಹುಡುಕುತ್ತದೆ.

ಇದನ್ನು ಸುಮ್ನೆ ಮಾತಿನಲ್ಲಿ ಹೇಳುವ ಬದಲು ಒಂದು ನಿಜವಾದ ಜಾಗ, ಒಂದು ನಿಜವಾದ ಸಂಸಾರ ಇಟ್ಟುಕೊಂಡು ನೋಡೋಣ. ಜಾಗ, ಕೆಂಟ್ ಕೌಂಟಿಯ ರ‍್ಯಾಮ್ಸ್‌ಗೇಟ್‌ನಲ್ಲಿರುವ ರಾಯಲ್ ವಿಕ್ಟೋರಿಯಾ ಪೆವಿಲಿಯನ್. ಸಂಸಾರ ನಮ್ಮದೇ.

ಜಾಗದ ಕಥೆ

ರ‍್ಯಾಮ್ಸ್‌ಗೇಟ್ ಲಂಡನ್ನಿನ ಸೇಂಟ್ ಪ್ಯಾಂಕ್ರಸ್‌ನಿಂದ ವೇಗದ ರೈಲಿನಲ್ಲಿ ಒಂದೂಕಾಲು ಗಂಟೆಯ ಆಸುಪಾಸು. ಚಿಕ್ಕ ಊರು, ದೊಡ್ಡ ಬಂದರು. ಎರಡನೇ ಮಹಾಯುದ್ಧದ ಹೊತ್ತಿಗೆ, 1940ರಲ್ಲಿ, ಫ್ರಾನ್ಸಿನ ಡಂಕರ್ಕ್‌ನಿಂದ ಸೈನಿಕರನ್ನು ಕರೆತಂದ ಸಣ್ಣ ಸಣ್ಣ ದೋಣಿಗಳಲ್ಲಿ ಬಹಳಷ್ಟು ಸೇರಿದ್ದೂ ಹೊರಟಿದ್ದೂ ಈ ಬಂದರಿನಿಂದಲೇ. ಅದರ ಪಕ್ಕದಲ್ಲೇ ಮರಳಿನ ದಂಡೆ. ಬಂದರಿಗೂ ದಂಡೆಗೂ ನಡುವೆ, ಹೆಚ್ಚುಕಡಿಮೆ ನೀರಿಗೇ ಕಾಲು ಇಳಿಬಿಟ್ಟು ಕೂತಂತೆ ಈ ಪೆವಿಲಿಯನ್ ಇದೆ.

ಕಟ್ಟಿಸಿದ್ದು 1903ರಲ್ಲಿ, ಬಾಗಿಲು ತೆರೆದದ್ದು 1904ರಲ್ಲಿ. ನಕ್ಷೆ ಮಾಡಿದವನು ಸ್ಟ್ಯಾನ್ಲಿ ಡೇವನ್‌ಪೋರ್ಟ್ ಆಡ್ಸ್‌ಹೆಡ್. ಇದೇ ಊರಿನ ಗ್ರಂಥಾಲಯದ ಕಟ್ಟಡವೂ ಅವನದೇ. ಮುಂದೆ 1909ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯದಲ್ಲಿ ನಗರ ಯೋಜನೆ ಹೇಳಿಕೊಡುವ ಮೊದಲ ಪ್ರೊಫೆಸರ್ ಆದ. ಅಂದರೆ ಇದು ಯಾರೋ ಮೇಸ್ತ್ರಿ ಎದ್ದುಬಿದ್ದು ಕಟ್ಟಿದ ಶೆಡ್ ಅಲ್ಲ. ಬೇಸಿಗೆಗೆ ಸಮುದ್ರ ನೋಡಲು ಬರುವ ಜನರಿಗೆ ಸಂಗೀತ, ನೃತ್ಯ, ಸಭೆ ಅಂತ ಮಾಡಿದ ಹಾಲ್. ಆಮೇಲೆ ಕಾಲ ಬದಲಾಯಿತು. ಇಂಗ್ಲಿಷರು ರಜೆಗೆ ಸ್ಪೇನಿಗೆ ವಿಮಾನ ಹತ್ತಿದರು, ಇಲ್ಲಿನ ಕಡಲೂರುಗಳು ಬಡವಾದವು, ಪೆವಿಲಿಯನ್ ಕ್ಯಾಸಿನೊ ಆಯಿತು. 2008ರಲ್ಲಿ ಅದೂ ಮುಚ್ಚಿತು. ಆಮೇಲೆ ವರ್ಷಗಟ್ಟಲೆ ಪಾಳು. ಉಪ್ಪುಗಾಳಿಗೆ ಮೈಯೊಡ್ಡಿ ನಿಂತ ಕಟ್ಟಡ ಎಷ್ಟು ಬೇಗ ಹಾಳಾಗುತ್ತದೆ ಅನ್ನುವುದು ನಮ್ಮ ಕರಾವಳಿಯವರಿಗೆ ಹೇಳಿಕೊಡಬೇಕಿಲ್ಲ.

2017ರ ಆಗಸ್ಟಿನಲ್ಲಿ ವೆದರ್‌ಸ್ಪೂನ್ ಇದನ್ನು ರಿಪೇರಿ ಮಾಡಿ ಪಬ್ಬಾಗಿ ತೆರೆಯಿತು. ಆ ಕಂಪನಿಯ ಪಬ್ಬುಗಳಲ್ಲೇ ಇದು ಅತಿ ದೊಡ್ಡದು. ಕೆಳಗೆ ವಿಶಾಲ ಹಾಲ್, ಮೇಲೆ ಗ್ಯಾಲರಿ, ಹೊರಗೆ ಸಮುದ್ರದ ಕಡೆ ಮುಖ ಮಾಡಿದ ಟೆರೇಸು. ಕಟ್ಟಡ ಸಂರಕ್ಷಿತ ಪಟ್ಟಿಯ ಎರಡನೇ ದರ್ಜೆಯದು. ಹಾಗಾಗಿ ಗೋಡೆ ಒಡೆಯಬೇಕೆಂದರೂ ಕಿಟಕಿ ಬದಲಿಸಬೇಕೆಂದರೂ ಅನುಮತಿ ಬೇಕು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಂಥದ್ದು ಇದೊಂದೇ ಅಲ್ಲ. ಲಂಡನ್ನಿನ ಗ್ರೇಸ್‌ಚರ್ಚ್ ಸ್ಟ್ರೀಟಿನ ಕ್ರಾಸ್ ಕೀಸ್ ಮೊದಲು ಹಾಂಗ್‌ಕಾಂಗ್ ಅಂಡ್ ಶಾಂಘೈ ಬ್ಯಾಂಕಿನ ಕಚೇರಿಯಾಗಿತ್ತು. ಹ್ಯಾರೊಗೇಟ್‌ನ ವಿಂಟರ್ ಗಾರ್ಡನ್ಸ್ ಹಳೇ ಸ್ನಾನಗೃಹದ ಭಾಗ. ಟನ್‌ಬ್ರಿಜ್ ವೆಲ್ಸ್‌ನಲ್ಲಿ 1902ರ ಒಪೆರಾ ಹೌಸ್ ಸಿನಿಮಾ ಆಗಿ, ಬಿಂಗೊ ಹಾಲ್ ಆಗಿ, ಕಡೆಗೆ ಪಬ್ಬಾಗಿದೆ. ಬಾಲ್ಕನಿ, ವೇದಿಕೆ ಎಲ್ಲ ಹಾಗೇ ಇವೆ. ಜನ ವೇದಿಕೆಯ ಮೇಲೆ ಕೂತು ಚಿಪ್ಸ್ (ಇಲ್ಲಿ ಚಿಪ್ಸ್ ಅಂದರೆ ಉದ್ದಕ್ಕೆ ಹೆಚ್ಚಿ ಕರಿದ ಬಿಸಿ ಆಲೂಗಡ್ಡೆ) ತಿನ್ನುತ್ತಾರೆ.

ರೇಟು ಯಾಕೆ ಕಮ್ಮಿ

ಟಿಮ್ ಮಾರ್ಟಿನ್ ಅನ್ನುವವರು 1979ರಲ್ಲಿ ಉತ್ತರ ಲಂಡನ್ನಿನ ಮಸ್ವೆಲ್ ಹಿಲ್‌ನಲ್ಲಿ ಒಂದು ಪಬ್ಬಿನಿಂದ ಶುರು ಮಾಡಿದರು. ಈಗ ಸುಮಾರು 800 ಇವೆ. ಅಷ್ಟು ಪಬ್ಬುಗಳಿಗೆ ಒಟ್ಟಿಗೆ ಬಿಯರ್ ಕೊಂಡರೆ ಬೆಲೆ ತಗ್ಗುವುದು ಸಹಜ. ಬೇರೆಯವರು ಖಾಲಿ ಬಿಟ್ಟ ಬ್ಯಾಂಕು, ಸಿನಿಮಾ ಮಂದಿರ, ಅಂಚೆ ಕಚೇರಿಗಳನ್ನು ಹಿಡಿದರೆ ದೊಡ್ಡ ಜಾಗ ಸಿಗುತ್ತದೆ, ದೊಡ್ಡ ಜಾಗ ಅಂದರೆ ಜಾಸ್ತಿ ಗ್ಲಾಸು. ಬೆಳಿಗ್ಗೆ ತಿಂಡಿ ಹೊತ್ತಿನಿಂದ ರಾತ್ರಿ ತಡದವರೆಗೆ ಬಾಗಿಲು ತೆರೆದಿರುತ್ತದೆ, ಕುರ್ಚಿ ಖಾಲಿ ಕೂರುವುದಿಲ್ಲ. ಬಹುಪಾಲು ಕಡೆ ಹಾಡು ಹಾಕುವುದಿಲ್ಲ. ಟೇಬಲ್ಲಿಗೆ ಬಂದು ಆರ್ಡರ್ ಕೇಳುವವರಿಲ್ಲ. 2017ರಿಂದ ಆ್ಯಪ್ ಇದೆ: ಯಾವ ಪಬ್ಬು, ಯಾವ ಟೇಬಲ್ ನಂಬರ್ ಅಂತ ಹಾಕಿ ದುಡ್ಡು ಕಟ್ಟಿದರೆ ತಂದುಕೊಡುತ್ತಾರೆ. ಅದಿಲ್ಲದಿದ್ದರೆ ಬಾರಿಗೇ ಹೋಗಬೇಕು.

ಬೆಲೆ ಎಲ್ಲ ಊರಲ್ಲೂ ಒಂದೇ ಅಲ್ಲ. ಲಂಡನ್ನಿನ ನಡುಮಧ್ಯೆ ಒಂದು, ಉತ್ತರದ ಸಣ್ಣ ಊರಲ್ಲಿ ಇನ್ನೊಂದು. ಆದರೆ ಆಯಾ ಊರಿನ ಮಟ್ಟಿಗೆ ಸಾಮಾನ್ಯವಾಗಿ ಅಗ್ಗವೇ.

ನಾವು ಹೋದದ್ದು

ಅಪ್ಪ ಅಮ್ಮ ದಾವಣಗೆರೆಯಿಂದ ಬೇಸಿಗೆಗೆ ಬಂದಿದ್ದರು. ಅಪ್ಪನಿಗೆ ಎಪ್ಪತ್ತು ದಾಟಿದೆ, ಮೊಣಕಾಲು ನೋವು, ಅಪರೂಪಕ್ಕೆ ಒಂದು ಬಿಯರ್ ನಡೆಯುತ್ತದೆ. ಅಮ್ಮನಿಗೆ ಮೊಟ್ಟೆಯೂ ಆಗುವುದಿಲ್ಲ. ಹೆಂಡತಿ, ಮೂರನೇ ಕ್ಲಾಸಿನ ಮಗಳು, ನಾನು. ಬಿಸಿಲು ಬಿದ್ದ ಒಂದು ಶನಿವಾರ. ಒಂದು ಪಬ್ಬನ್ನು ಪರೀಕ್ಷೆ ಮಾಡಬೇಕೆಂದರೆ ಇದಕ್ಕಿಂತ ಕಷ್ಟದ ಗಿರಾಕಿಗಳ ಗುಂಪು ಸಿಗುವುದಿಲ್ಲ. ಒಬ್ಬರಿಗೆ ಮೆಟ್ಟಿಲು ಬೇಡ, ಒಬ್ಬರಿಗೆ ಮಾಂಸದ ವಾಸನೆ ಬೇಡ, ಒಬ್ಬಳಿಗೆ ಸುಮ್ಮನೆ ಕೂರುವುದೇ ಬೇಡ.

ಬಾಗಿಲಲ್ಲೇ ಅಮ್ಮ ನಿಂತರು. 'ಮಗೂನ ಕಟ್ಕೊಂಡು ಬಾರ್‌ಗೆ ಹೋಗೋದಾ?' ನಮ್ಮೂರಿನ ಬಾರ್ ಅಂದರೆ ಕತ್ತಲೆ ಕೋಣೆ, ಅರ್ಧ ಬಾಗಿಲು, ನೀಲಿ ಲೈಟು. ಅದನ್ನೇ ನೆನಪಿಸಿಕೊಂಡಿದ್ದರು. ಒಳಗೆ ಇಣುಕಿದರೆ ಪಕ್ಕದ ಟೇಬಲ್ಲಿನಲ್ಲಿ ಇಬ್ಬರು ಅಜ್ಜಿಯರು ಟೀ ಕುಡಿಯುತ್ತಾ ಪತ್ರಿಕೆಯ ಪದಬಂಧ ಬಿಡಿಸುತ್ತಿದ್ದರು. ಅಮ್ಮ ಒಳಗೆ ಬಂದದ್ದು ಅವರನ್ನು ನೋಡಿದ ಮೇಲೆಯೇ.

ಇಲ್ಲಿ ಮಕ್ಕಳು ದೊಡ್ಡವರ ಜೊತೆ ಬರಬಹುದು, ಆದರೆ ಸಂಜೆ ಒಂದು ಹೊತ್ತಿನವರೆಗೆ ಮಾತ್ರ. ಆ ಹೊತ್ತು ಪಬ್ಬಿನಿಂದ ಪಬ್ಬಿಗೆ ಬೇರೆ, ಮೊದಲೇ ಕೇಳಿಕೊಳ್ಳಬೇಕು. ನಾಯಿಗಳಿಗೆ ಪ್ರವೇಶವಿಲ್ಲ, ಅಂಧರಿಗೆ ದಾರಿ ತೋರಿಸುವಂಥ ನಾಯಿ ಬಿಟ್ಟರೆ. ಕಡಲ ದಂಡೆಗೆ ನಾಯಿ ಕರೆದುಕೊಂಡು ಬಂದ ಇಂಗ್ಲಿಷರಿಗೆ ಇದು ದೊಡ್ಡ ತಕರಾರು. ನಮ್ಮಮ್ಮನಿಗೆ ಇದೇ ದೊಡ್ಡ ಸಮಾಧಾನ.

ಟೇಬಲ್ ಹಿಡಿಯುವುದು ಮೊದಲ ಕೆಲಸ. ಇಷ್ಟು ದೊಡ್ಡ ಜಾಗದಲ್ಲೂ ಬಿಸಿಲಿನ ಶನಿವಾರ ಟೆರೇಸಿನ ಟೇಬಲ್ ಅಂದರೆ ಕೆಎಸ್‌ಆರ್‌ಟಿಸಿ ಬಸ್ಸಿನ ಕಿಟಕಿ ಸೀಟು. ಕರ್ಚೀಫು ಹಾಕುವ ಪದ್ಧತಿ ಇಲ್ಲ, ಮನುಷ್ಯರೇ ಕೂರಬೇಕು. ಅಪ್ಪನನ್ನು ಕೂರಿಸಿ ನಾವು ಚದುರಿದೆವು.

ಅಪ್ಪನಿಗೆ ನಾನು ಬಾರಿನಲ್ಲಿ ನಿಂತು ಕ್ಯಾಸ್ಕ್ ಏಲ್ ತಂದೆ, ಅರ್ಧ ಪೈಂಟು. ಒಂದು ಗುಟುಕು ಹೀರಿ ಗ್ಲಾಸು ಕೆಳಗಿಟ್ಟರು. 'ಇದು ತಣ್ಣಗೇ ಇಲ್ವಲ್ಲೋ. ಗ್ಯಾಸೂ ಹೋಗಿದೆ.' ಭಾರತದಿಂದ ಬಂದ ಬಹುತೇಕ ಎಲ್ಲರೂ ಹೇಳುವ ಮಾತು ಇದು, ಮತ್ತು ಪಬ್ಬಿನ ತಪ್ಪು ಇದರಲ್ಲಿ ಏನೂ ಇಲ್ಲ. ಕ್ಯಾಸ್ಕ್ ಏಲ್ ಪೀಪಾಯಿಯಲ್ಲೇ ಹುಳಿಯುತ್ತಾ ಹದಕ್ಕೆ ಬರುವ ಬಿಯರ್. ಕೈಪಂಪಿನಲ್ಲಿ ಎಳೆದು ಕೊಡುತ್ತಾರೆ. ಹೊರಗಿನಿಂದ ಗ್ಯಾಸ್ ತುಂಬುವುದಿಲ್ಲ. ಸುಮಾರು 11ರಿಂದ 13 ಡಿಗ್ರಿಯಲ್ಲಿ ಕೊಡಬೇಕು, ಅದಕ್ಕಿಂತ ತಣ್ಣಗಾದರೆ ರುಚಿ ಸತ್ತುಹೋಗುತ್ತದೆ. ಐಸ್ ಪೆಟ್ಟಿಗೆಯಿಂದ ತೆಗೆದ ಕಿಂಗ್‌ಫಿಷರ್ ಕುಡಿದವರಿಗೆ ಅದು ಬಿಸಿನೀರೇ. ಆಮೇಲೆ ಲಾಗರ್, ಅಂದರೆ ಕಿಂಗ್‌ಫಿಷರ್ ಥರದ್ದೇ ತಣ್ಣನೆಯ ಬಿಯರ್, ತಂದುಕೊಟ್ಟೆ, ಖುಷಿಯಾದರು. ಅರ್ಧ ಏಲ್ ನನ್ನ ಪಾಲಿಗೆ ಬಂತು, ನನಗೇನೂ ನಷ್ಟವಿಲ್ಲ. ಯಾರನ್ನಾದರೂ ಕರೆದುಕೊಂಡು ಹೋಗುವುದಿದ್ದರೆ, ಕ್ಯಾಸ್ಕ್ ಏಲ್ ರುಚಿ ನೋಡಲು ಸ್ವಲ್ಪ ಕೊಡಿ ಅಂತ ಬಾರಿನಲ್ಲಿ ಕೇಳಬಹುದು, ಸಾಮಾನ್ಯವಾಗಿ ಸಣ್ಣ ಗ್ಲಾಸಿನಲ್ಲಿ ಕೊಡುತ್ತಾರೆ.

ಬಾರಿನ ಮುಂದೆ ನಿಲ್ಲುವುದೂ ಒಂದು ವಿದ್ಯೆ. ಪ್ರತಿಯೊಂದಕ್ಕೂ ಸಾಲು ನಿಲ್ಲುವ ಈ ದೇಶದಲ್ಲಿ ಬಾರಿನ ಮುಂದೆ ಮಾತ್ರ ಸಾಲಿಲ್ಲ. ಉದ್ದಕ್ಕೆ ಹರಡಿ ನಿಲ್ಲುತ್ತಾರೆ, ಆದರೆ ಯಾರ ನಂತರ ಯಾರು ಅನ್ನುವುದು ಎಲ್ಲರ ತಲೆಯಲ್ಲೂ ಇರುತ್ತದೆ. ಕೈ ಬೀಸಿದರೆ, ನೋಟು ಆಡಿಸಿದರೆ ನಿಮ್ಮ ಸರದಿ ಹಿಂದಕ್ಕೇ ಹೋಗುತ್ತದೆ. ಕಣ್ಣು ಸೇರಿಸಿ ಸುಮ್ನೆ ನಿಂತರೆ ಸಾಕು.

ಅಮ್ಮನ ಊಟ ಜಾಸ್ತಿ ಹೊತ್ತು ಹಿಡಿಯಿತು. ಇಲ್ಲೇ ಆ್ಯಪ್ ನಿಜವಾಗಿ ಉಪಕಾರಕ್ಕೆ ಬಂದದ್ದು. ಸಸ್ಯಾಹಾರ ಅಂತ ಆರಿಸಿದರೆ ಉಳಿದದ್ದೆಲ್ಲ ಪಟ್ಟಿಯಿಂದ ಹೋಗುತ್ತದೆ. ಆದರೆ ಇಲ್ಲಿ ಸಸ್ಯಾಹಾರ ಅಂದರೆ ಮೊಟ್ಟೆ ಸೇರಿಯೇ, ಆದ್ದರಿಂದ ನಮ್ಮಂಥವರು ಹಾಲು, ಮೊಟ್ಟೆ ಏನೂ ಇಲ್ಲದ ವೀಗನ್ ಪಟ್ಟಿಗೇ ಹೋಗುವುದು ಸಲೀಸು. ಗೆಣಸು, ಕಡಲೆಕಾಳು, ಪಾಲಕ್ ಹಾಕಿದ ಕರಿ ಸಿಕ್ಕಿತು, ಅನ್ನದ ಜೊತೆ. ಖಾರ ಕಮ್ಮಿ, ಉಪ್ಪು ಸರಿ. ದೊಡ್ಡ ಕಂಪನಿಗಳು ಮೆನುವಿನಲ್ಲಿ ಕ್ಯಾಲೊರಿ ಬರೆಯಲೇಬೇಕು ಅಂತ ಇಂಗ್ಲೆಂಡಿನಲ್ಲಿ 2022ರ ಏಪ್ರಿಲ್‌ನಿಂದ ಕಾನೂನು ಇದೆ. ಅಪ್ಪ ಕನ್ನಡಕ ಏರಿಸಿ ಆ ಅಂಕಿಗಳನ್ನು ಬೆಲೆ ಅಂದುಕೊಂಡು ಒಂದು ಕ್ಷಣ ಗಾಬರಿಯಾದರು, ಫಿಶ್ ಅಂಡ್ ಚಿಪ್ಸ್‌ಗೆ ಸಾವಿರ ಚಿಲ್ಲರೆಯಾ ಅಂತ. ಚಿಪ್ಸ್ ವಿಚಾರಕ್ಕೆ ಇನ್ನೊಂದು ಮಾತು. ಬರೀ ಆಲೂಗಡ್ಡೆ ಅಲ್ವಾ ಅಂತ ತಗೊಳ್ಳುವ ಮುಂಚೆ ಯಾವ ಎಣ್ಣೆಯಲ್ಲಿ ಕರಿಯುತ್ತಾರೆ ಅಂತ ಕೇಳಿ. ಮೀನು ಕರಿದ ಎಣ್ಣೆಯೇ ಆಗಿರಬಹುದು, ಇದು ಎಲ್ಲ ಪಬ್ಬುಗಳಿಗೂ ಅನ್ವಯಿಸುವ ಮಾತು. ಅಮ್ಮ ಸುಟ್ಟ ಆಲೂಗಡ್ಡೆ, ಮೇಲೆ ಬೀನ್ಸ್ ತಗೊಂಡು ಮಗಳ ಜೊತೆ ಹಂಚಿಕೊಂಡರು.

ಅಮ್ಮನಿಗೆ ಅರಮನೆ, ಸಮುದ್ರ, ಊಟ ಎಲ್ಲಕ್ಕಿಂತ ಹಿಡಿಸಿದ್ದು ಟೀ. ಒಂದು ಸಲ ದುಡ್ಡು ಕೊಟ್ಟರೆ ಖಾಲಿ ಕಪ್ಪು ಕೊಡುತ್ತಾರೆ, ಮೆಷಿನ್ನಿನ ಹತ್ತಿರ ಹೋಗಿ ಎಷ್ಟು ಸಲ ಬೇಕಾದರೂ ತುಂಬಿಸಿಕೊಳ್ಳಬಹುದು, ಟೀಯೋ ಕಾಫಿಯೋ. ಮೊದಲ ಸಲ ನಾನು ಜೊತೆ ಹೋದೆ. ಎರಡನೇ ಸಲ ಒಬ್ಬರೇ ಹೋದರು. ಅಲ್ಲಿ ನಿಂತಿದ್ದ ಆ ಅಜ್ಜಿಯರಲ್ಲಿ ಒಬ್ಬರು ಯಾವ ಬಟನ್ ಒತ್ತಬೇಕು ಅಂತ ತೋರಿಸಿದರಂತೆ, ಇವರು ಕೈಸನ್ನೆಯಲ್ಲಿ ಸಕ್ಕರೆ ಎಲ್ಲಿ ಅಂತ ಕೇಳಿದರಂತೆ. ಇಬ್ಬರಿಗೂ ಭಾಷೆ ಬರದೆ ಐದು ನಿಮಿಷ ಮಾತಾಡಿಕೊಂಡು ಬಂದರು. ಎಲ್ಲವನ್ನೂ ಟೇಬಲ್ಲಿಗೇ ತಂದುಕೊಡುವ ಜಾಗದಲ್ಲಿ ಇದು ನಡೆಯುತ್ತಿರಲಿಲ್ಲ. ಸ್ವಯಂಸೇವೆಗೆ ಇದೊಂದು ಲಾಭ ಇದೆ ಅಂತ ನನಗೆ ಗೊತ್ತಾದದ್ದು ಆವಾಗಲೇ.

ಹೆಂಡತಿ ಗಮನಿಸಿದ್ದು ಸದ್ದು. ಹಾಡಿಲ್ಲದ ಕಾರಣ ಕಿರುಚಿ ಮಾತಾಡಬೇಕಿಲ್ಲ. ಆದರೆ ಎತ್ತರದ ಹಾಲ್ ಆದ್ದರಿಂದ ಜನ ತುಂಬಿದ ಹಾಗೆ ಒಂದು ಗುಂಯ್ ಅನ್ನುವ ಗದ್ದಲ ಮೇಲಿಂದ ಇಳಿಯುತ್ತದೆ, ಮದುವೆ ಛತ್ರದ ಊಟದ ಹೊತ್ತಿನದ್ದು. ಕಾಲ ಕೆಳಗಿನ ಕಾರ್ಪೆಟ್ ಅದನ್ನು ಸ್ವಲ್ಪ ಹೀರುತ್ತದೆ. ಸ್ಪೂನ್ಸ್ ಕಾರ್ಪೆಟ್ಟುಗಳು ಇಲ್ಲಿ ಹೆಸರುವಾಸಿ. ಒಂದೊಂದು ಪಬ್ಬಿಗೆ ಒಂದೊಂದು ವಿನ್ಯಾಸ, ಬಹಳ ಸಲ ಆ ಕಟ್ಟಡದ ಅಥವಾ ಊರಿನ ಕಥೆಗೆ ಹೊಂದುವಂತೆ. ಗೋಡೆಯ ಮೇಲೂ ಊರಿನ ಹಳೇ ಫೋಟೋ, ಬರಹ ತೂಗುಹಾಕುತ್ತಾರೆ. ಅಪ್ಪ ಒಂದೊಂದನ್ನೂ ನಿಂತು ಓದಿದರು. ಮ್ಯೂಸಿಯಮ್ಮಿಗೆ ಟಿಕೆಟ್ ಕೊಟ್ಟು ಕರೆದುಕೊಂಡು ಹೋಗಿದ್ದಾಗಲೂ ಇಷ್ಟು ಓದಿರಲಿಲ್ಲ.

ದೂರುಗಳು ಎಲ್ಲಿಂದ ಹುಟ್ಟುತ್ತವೆ

ನಮ್ಮ ಆ ದಿನ ಚೆನ್ನಾಗಿಯೇ ಕಳೆಯಿತು. ಎಲ್ಲ ಕಡೆ ಎಲ್ಲ ದಿನ ಹಾಗೇ ಅಂತ ಹೇಳಲಾರೆ. ಇನ್ನೊಂದು ಊರಲ್ಲಿ, ಹಳೇ ಸಿನಿಮಾ ಮಂದಿರವನ್ನು ಪಬ್ಬು ಮಾಡಿದ ಒಂದು ಕಡೆ (ಹೆಸರು ಬೇಡ), ಕನ್ನಡದ ಗೆಳೆಯರೆಲ್ಲ ಸೇರಿದ್ದೆವು. ಅಡುಗೆಮನೆ ಎಲ್ಲೋ ದೂರ, ನಾವು ಕೂತದ್ದು ಬಾಲ್ಕನಿಯಲ್ಲಿ. ಪಾನೀಯ ಬಂತು, ಒಬ್ಬನ ಊಟ ಬಂತು, ಅವನು ತಿಂದು ಮುಗಿಸುವ ಹೊತ್ತಿಗೆ ಇನ್ನೊಬ್ಬಳದು ಬಂತು, ಚಿಪ್ಸ್ ತಣ್ಣಗಾಗಿ ಬಗ್ಗುತ್ತಿದ್ದವು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು 'ಇರಲಿ ಬಿಡು' ಅಂದರು. ಆ ಗೆಳತಿ ಮಾತ್ರ ತಟ್ಟೆ ಎತ್ತಿಕೊಂಡು ಬಾರಿಗೆ ಹೋಗಿ, ನಗುನಗುತ್ತಲೇ ತಣ್ಣಗಿದೆ ಅಂದಳು. ಬೇರೆ ತಟ್ಟೆ ಬಂತು, ವಾದವಿಲ್ಲ, ಮುಖ ಗಂಟಿಕ್ಕಿಲ್ಲ. 'ಇರಲಿ ಬಿಡು' ಅಂದವರು ಇವತ್ತಿಗೂ ಆ ಪಬ್ಬನ್ನು ಬೈಯುತ್ತಾರೆ, ಅವಳು ಇವತ್ತಿಗೂ ಹೋಗುತ್ತಾಳೆ. ವೇಟರ್ ಇರುವ ಹೋಟೆಲಿನಲ್ಲಿ ಯಾರೋ ಬಂದು ಎಲ್ಲ ಸರಿಯಿದೆಯಾ ಅಂತ ಕೇಳುತ್ತಾರೆ. ಇಲ್ಲಿ ಕೇಳುವವರಿಲ್ಲ, ನಾವೇ ಹೋಗಿ ಹೇಳಬೇಕು, ಅದೂ ತಿನ್ನುವ ಮುಂಚೆ.

ಇಂಥ ದೂರುಗಳನ್ನು ಕೇಳುತ್ತಾ ಹೋದರೆ ಬಹಳಷ್ಟು ಕಟ್ಟಡದಿಂದಲೇ ಬಂದವು ಅನ್ನಿಸುತ್ತದೆ. ಬ್ಯಾಂಕನ್ನು ಕಟ್ಟಿದವರು ತಿಜೋರಿಗೆ ಜಾಗ ಮಾಡಿದ್ದರು, ಅಡುಗೆಮನೆಗಲ್ಲ. ಸಂಗೀತದ ಹಾಲ್‌ನಲ್ಲಿ ಸಾವಿರ ಜನ ಒಂದೇ ಕಡೆ ಮುಖ ಮಾಡಿ ಕೂರಬೇಕಿತ್ತು, ಅಡ್ಡಾಡಿ ತಟ್ಟೆ ಹಂಚಬೇಕಿರಲಿಲ್ಲ. ಅನುಮತಿಯಿಲ್ಲದೆ ಗೋಡೆ ಮುಟ್ಟುವಂತಿಲ್ಲ ಅಂದೆನಲ್ಲ, ಹಾಗಾಗಿ ಅಡುಗೆಮನೆ, ಶೌಚಾಲಯ, ಲಿಫ್ಟು ಎಲ್ಲವೂ ಸಿಕ್ಕ ಮೂಲೆಗೆ ಹೋಗುತ್ತವೆ. ಸ್ಪೂನ್ಸ್‌ನಲ್ಲಿ ಟಾಯ್ಲೆಟ್ ಹುಡುಕುವುದೇ ಒಂದು ಯಾತ್ರೆ ಅನ್ನುವುದು ಈ ದೇಶದ ಹಳೇ ಜೋಕು. ಮೇಲಕ್ಕೆ, ಬಲಕ್ಕೆ, ಮತ್ತೆ ಕೆಳಕ್ಕೆ. ತಲುಪಿದ ಮೇಲೆ ಕ್ಲೀನಾಗಿರುತ್ತದೆ, ಅದು ಬೇರೆ ಮಾತು. ಅಪ್ಪನಂಥವರಿಗೆ ಇದು ಜೋಕಲ್ಲ. ಕೂರುವ ಮುಂಚೆಯೇ ಗಾಲಿಕುರ್ಚಿಯವರ ಶೌಚಾಲಯ ಎಲ್ಲಿ ಅಂತ ಕೇಳಿ ಅದರ ಹತ್ತಿರದ ಟೇಬಲ್ ಹಿಡಿಯಬೇಕು.

ರೇಟಿನಿಂದ ಹುಟ್ಟುವ ದೂರುಗಳು ಬೇರೆ. ಇಷ್ಟು ದೊಡ್ಡ ಹಾಲಿಗೆ ಇರುವ ಕೈಗಳು ಕಮ್ಮಿ, ಹಾಗಾಗಿ ಗದ್ದಲದ ಹೊತ್ತಿನಲ್ಲಿ ಖಾಲಿ ಗ್ಲಾಸುಗಳು ಮೇಜಿನ ಮೇಲೆ ನಿಲ್ಲುವುದು ಅಗ್ಗದ ಪಬ್ಬುಗಳ ಮಾಮೂಲಿ ದೃಶ್ಯ. ಊಟ ದೊಡ್ಡ ಹೋಟೆಲಿನ ಊಟವಲ್ಲ, ಎಲ್ಲ ಊರಲ್ಲೂ ಒಂದೇ ರುಚಿ ಬರುವ ಹಾಗೆ ಅಳತೆ ಮಾಡಿದ ಊಟ. ನನಗೆ ಅದರಲ್ಲಿ ತಕರಾರಿಲ್ಲ. ಬಹಳಷ್ಟು ಊಟದ ಬೆಲೆಯಲ್ಲಿ ಒಂದು ಪಾನೀಯವೂ ಸೇರಿರುತ್ತದೆ. ಐದು ಜನ ಹೊಟ್ಟೆ ತುಂಬ ತಿಂದು, ಸಮುದ್ರ ನೋಡುತ್ತಾ ಇಡೀ ಮಧ್ಯಾಹ್ನ ಕೂತರೂ ಯಾರೂ ಎಬ್ಬಿಸಲು ಬರಲಿಲ್ಲ. ಈ ದೇಶದ ಕಡಲ ದಂಡೆಯಲ್ಲಿ ಅಷ್ಟು ದುಡ್ಡಿಗೆ ಚಾಪೆ ಹಾಸಿ ಕೂತು ಸ್ಯಾಂಡ್‌ವಿಚ್ ತಿನ್ನಬಹುದಷ್ಟೇ.

ರೇಟು, ಕಟ್ಟಡ ಎರಡಕ್ಕೂ ಸಂಬಂಧವಿಲ್ಲದ ಕಾರಣಕ್ಕೆ ಒಳಗೇ ಬರದವರೂ ಇದ್ದಾರೆ. ಟಿಮ್ ಮಾರ್ಟಿನ್ 2016ರಲ್ಲಿ ಬ್ರಿಟನ್ ಯುರೋಪ್ ಒಕ್ಕೂಟ ಬಿಡಬೇಕು ಅಂತ ಜೋರಾಗಿ ಪ್ರಚಾರ ಮಾಡಿದರು, ಗ್ಲಾಸಿನ ಕೆಳಗಿಡುವ ಬಿಯರ್ ಮ್ಯಾಟಿನ ಮೇಲೂ ಅದನ್ನೇ ಅಚ್ಚು ಹಾಕಿಸಿದರು. ಆವತ್ತಿನಿಂದ ಸ್ಪೂನ್ಸ್ ಹೊಸ್ತಿಲು ತುಳಿಯದ ಸಹೋದ್ಯೋಗಿ ನನಗೊಬ್ಬರಿದ್ದಾರೆ. ಅವರ ಜೊತೆ ಹೋಗುವಾಗ ಎದುರುಗಡೆಯ ಪಬ್ಬು, ಬಿಲ್ ಜಾಸ್ತಿ, ಮಾತು ಚೆನ್ನಾಗಿರುತ್ತದೆ.

ಊರಿಂದ ಬಂದ ಹಿರಿಯರನ್ನು ರ‍್ಯಾಮ್ಸ್‌ಗೇಟ್‌ಗೆ ಕರೆದುಕೊಂಡು ಹೋಗುವವರಿಗೆ ನನ್ನ ಸಲಹೆ: ಶಾಲೆಗೆ ರಜೆ ಇಲ್ಲದ ವಾರದ ದಿನ, ಬೆಳಿಗ್ಗೆ ಹನ್ನೊಂದರೊಳಗೆ ಹೋಗಿ. ಸ್ಟೇಷನ್ನಿನಿಂದ ಬಂದರಿಗೆ ನಡಿಗೆ ಉದ್ದ, ಮೊಣಕಾಲು ನೋವಿದ್ದರೆ ಬಸ್ಸು ಅಥವಾ ಟ್ಯಾಕ್ಸಿ ಹಿಡಿಯಿರಿ. ಕೆಳಗಿನ ಹಾಲ್‌ನಲ್ಲೇ ಕೂತುಕೊಳ್ಳಿ, ಗ್ಯಾಲರಿ ನೋಡಲು ಆಮೇಲೆ ಹೋಗಬಹುದು. ಆ್ಯಪನ್ನು ಮನೆಯಲ್ಲೇ ಹಾಕಿಕೊಂಡು ಕಾರ್ಡ್ ಜೋಡಿಸಿಟ್ಟಿರಿ. ಮತ್ತೆ, ದುಡ್ಡು ಮೊದಲೇ ಕಟ್ಟಿಯಾಗಿದೆ ಅಂತ ಹಿರಿಯರಿಗೆ ಮುಂಚೆಯೇ ಹೇಳಿಬಿಡಿ. ನಾವು ಎದ್ದು ಹೊರಟಾಗ ಅಪ್ಪ ಬಾಗಿಲ ಹತ್ತಿರ ನಿಂತು, ಬಿಲ್ ಕೊಡದೆ ಹೋಗುತ್ತಿದ್ದೇವೆ ಅಂತ ಹಿಂದಕ್ಕೇ ಹೊರಟಿದ್ದರು. ಫೋನಿನಲ್ಲಿ ರಸೀದಿ ತೋರಿಸಿದೆ. ಮೊತ್ತ ನೋಡಿ, ಯಾವುದೋ ಒಂದು ತಟ್ಟೆ ಬಿಟ್ಟುಹೋಗಿದೆ ನೋಡು ಅಂದರು. ರೈಲಿನಲ್ಲಿ ಕೂತು ಒಂದೊಂದಾಗಿ ಕೂಡಿಸಿ ತೋರಿಸಬೇಕಾಯಿತು.